ನಡುಗುವ ಅಕ್ಷರಗಳಿಗೆ ನನ್ನ ಒಪ್ಪಿಗೆ ಇಲ್ಲ

ಮಾರ್ಚ್ ಹದಿನಾರು, ಸೋಮವಾರ

ಪ್ರೀತಿಯ ಗುಬ್ಬೀ,

ನಿನ್ನ ದಪ್ಪ ಲಕೋಟೆ ಬಂದು ಐದು ವಾರವಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಎಷ್ಟು ಬೇಕಾದರೂ ಬೈದುಕೋ, ಆದರೆ ಅಮ್ಮನಿಗೆ ಏನಾಯಿತೋ ಎಂದು ಗಾಬರಿಯಾಗಬೇಡ. ಮಂಡಿನೋವು ಅದರ ಪಾಡಿಗೆ ಅದಿದೆ, ನನ್ನ ಪಾಡಿಗೆ ನಾನಿದ್ದೇನೆ. ನೀನು ಫೋನ್ ಮಾಡಿದಾಗಲೆಲ್ಲ ಹಾಲು ಉಕ್ಕುತ್ತಿದೆ, ಬಾಗಿಲಿಗೆ ಯಾರೋ ಬಂದರು ಎಂದು ಇಟ್ಟುಬಿಡುತ್ತಿದ್ದೆನಲ್ಲ, ಯಾವ ಹಾಲೂ ಉಕ್ಕುತ್ತಿರಲಿಲ್ಲ. ಫೋನಿನಲ್ಲಾದರೆ ನೀನು ಅರ್ಧಕ್ಕೇ ಬಾಯಿ ಹಾಕುತ್ತೀಯ, ಜಗಳವಾಗುತ್ತದೆ. ಕಾಗದವನ್ನಾದರೆ ಕೊನೆಯವರೆಗೆ ಓದಲೇಬೇಕು.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನಿಮ್ಮ ಸ್ಟುಡಿಯೋದವರು ಕಳಿಸಿದ ಒಪ್ಪಿಗೆ ಪತ್ರಕ್ಕೆ ನಾನು ಸಹಿ ಹಾಕುವುದಿಲ್ಲ. ನಿಮ್ಮಪ್ಪನ ಕೊನೆಯ ಮೂರು ವರ್ಷದ ಅಕ್ಷರಗಳನ್ನು ತೆಗೆದುಕೊಂಡು, ಫಾಂಟ್ ಮಾಡಿ, ‘ಕಂಪನ’ ಎಂದು ಹೆಸರಿಟ್ಟು, ಕಂಪ್ಯೂಟರ್ ಇರುವ ಪ್ರತಿಯೊಬ್ಬರ ಕೈಗೂ ಕೊಡಲು ನಾನು ಒಪ್ಪುವುದಿಲ್ಲ. ‘ನಿಮ್ಮ ಪತಿಯವರ ಅಮರ ಶೈಲಿ’ ಎಂದು ನಿಮ್ಮ ಮುಖ್ಯಸ್ಥರು ಬರೆದಿದ್ದಾರೆ. ಶೈಲಿಯಂತೆ. ನಿಮ್ಮಪ್ಪನಿಗೆ ಇದ್ದದ್ದು ಕಾಯಿಲೆ ಕಣೇ. ಡಾಕ್ಟರು ಅದಕ್ಕೆ ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ ಬರೆದುಕೊಟ್ಟಿದ್ದರು. ಶೈಲಿಗೆ ಯಾರಾದರೂ ಮಾತ್ರೆ ಕೊಡುತ್ತಾರೆಯೇ?

ಹೋದ ತಿಂಗಳು ಕಲಾಶಾಲೆಯಲ್ಲಿ ಅವರ ಕೆಲಸಗಳ ಪ್ರದರ್ಶನ ಆಯಿತಲ್ಲ, ರಜೆ ಸಿಗಲಿಲ್ಲವೆಂದು ನೀನು ಬರಲಿಲ್ಲ. ನಾನು ಒಳ್ಳೆಯ ಬಟ್ಟೆ ಹಾಕಿಕೊಂಡು, ಹೊಸ ಚಪ್ಪಲಿ ಕಚ್ಚುತ್ತಿದ್ದರೂ ಸಹಿಸಿಕೊಂಡು ಹೋದೆ. ದೊಡ್ಡ ಹಾಲ್. ಮೂರು ಗೋಡೆಯ ತುಂಬ ಆ ಮೂರು ವರ್ಷದ ಪುಸ್ತಕದ ಮುಖಪುಟಗಳು, ಒಂದೊಂದಕ್ಕೂ ಒಂದೊಂದು ದೀಪ. ಅದಕ್ಕೂ ಹಿಂದಿನ ನಲವತ್ತು ವರ್ಷ ಎಲ್ಲಿತ್ತು ಹೇಳು? ಕೈತೊಳೆಯುವ ಕೋಣೆಗೆ ಹೋಗುವ ದಾರಿಯಲ್ಲಿ ಒಂದು ಗಾಜಿನ ಪೆಟ್ಟಿಗೆಯೊಳಗೆ. ಸಾಬೂನಿನ ಹೊದಿಕೆ, ಕೆಮ್ಮಿನ ಔಷಧಿಯ ಚೀಟಿ, ಬಸ್ ಕಂಪನಿಗೆ ಬರೆದ ಹಸಿರು ಫಲಕದ ನಕ್ಷೆ, ನೀನು ಓದಲು ಕಲಿತ ಪಾಠಪುಸ್ತಕದ ಮುಖಪುಟ, ಎಲ್ಲ ಒಂದರ ಮೇಲೊಂದು, ಹಳೇ ಪೇಪರಿನವನಿಗೆ ಹಾಕಲು ಇಟ್ಟ ಹಾಗೆ. ಪಕ್ಕದಲ್ಲಿ ಬರೆದಿತ್ತು, ‘ಆರಂಭದ ಪ್ರಯತ್ನಗಳು’ ಎಂದು. ನಲವತ್ತು ವರ್ಷ ಬೆನ್ನು ಬಾಗಿಸಿ ದುಡಿದದ್ದು ಇವರಿಗೆ ಆರಂಭದ ಪ್ರಯತ್ನ. ನನ್ನ ಮೈಯೆಲ್ಲ ಉರಿದುಹೋಯಿತು.

ವೇದಿಕೆ ಹತ್ತಿದ ವಿಮರ್ಶಕ ನಿಮ್ಮಪ್ಪನನ್ನು ಒಂದು ದಿನವೂ ಕಂಡವನಲ್ಲ. ಗೆರೆಯ ಅಹಂಕಾರ ಮುರಿದವರು, ತಪ್ಪಿಗೆ ಘನತೆ ತಂದವರು, ನಡುಕದಲ್ಲಿ ಕಾಲವನ್ನೇ ಹಿಡಿದವರು ಎಂದು ಮುಕ್ಕಾಲು ಗಂಟೆ ಕೊರೆದ. ಅವನಾದ ಮೇಲೆ ಪ್ರಾಂಶುಪಾಲರು ಅದನ್ನೇ ಹೇಳಿದರು, ಅವರಾದ ಮೇಲೆ ಪ್ರಕಾಶಕರೂ ಅದನ್ನೇ ಹೇಳಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ. ನನ್ನನ್ನೂ ಎರಡು ಮಾತಾಡಲು ಕರೆದರು, ಗಂಟಲು ಸರಿಯಿಲ್ಲ ಎಂದೆ.

ನೀನೂ ಈ ಕಸುಬಿನವಳೇ, ಆದರೂ ಕೇಳು. ಆ ಕಾಲದಲ್ಲಿ ಪೋಸ್ಟರು, ಮುಖಪುಟ ಬರೆಯುವುದರಲ್ಲಿ ಹೆಸರು ಮಾಡಿದವರು ಮೂರೇ ಜನ. ಸ್ಕೇಲ್ ಮಾಸ್ತರು ಪುಟವನ್ನು ಚೌಕ ಚೌಕವಾಗಿ ಭಾಗ ಮಾಡಿಕೊಂಡರೆಂದರೆ ಒಂದು ಚುಕ್ಕೆಯನ್ನೂ ಆಚೆ ಬಿಡುತ್ತಿರಲಿಲ್ಲ. ಅವರ ಪೋಸ್ಟರಿನ ಮುಂದೆ ರೈಲಿನ ವೇಳಾಪಟ್ಟಿಗೂ ಶಿಸ್ತು ಸಾಲದು ಅನ್ನಿಸುತ್ತಿತ್ತು. ಕತ್ತರಿಯಮ್ಮ ಪೆನ್ಸಿಲ್ಲನ್ನೇ ಮುಟ್ಟುತ್ತಿರಲಿಲ್ಲ. ಬಣ್ಣದ ಕಾಗದ ಕತ್ತರಿಸಿ ಅಂಟಿಸುವುದು, ಅಷ್ಟೇ. ಎರಡು ತುಂಡು ಕೆಂಪು, ಒಂದು ತುಂಡು ಕಪ್ಪು, ಅಷ್ಟರಲ್ಲೇ ಓಡುವ ಕುದುರೆ ಬಂದುಬಿಡುತ್ತಿತ್ತು. ಮೂರನೆಯವರು ನಿಮ್ಮಪ್ಪ. ಕಸುಬಿನವರು ಅವರಿಗೆ ಇಟ್ಟ ಹೆಸರು ‘ಒಂದುಸಿರು’. ಕುಂಚವನ್ನು ಮಸಿಯಲ್ಲಿ ಅದ್ದಿ ಉಸಿರು ಹಿಡಿದರೆ ಅಕ್ಷರ ಮುಗಿದ ಮೇಲೆಯೇ ಬಿಡುವುದು. ತಿದ್ದುವ ಮಾತಿಲ್ಲ, ಒಮ್ಮೆ ಎಳೆದ ಗೆರೆಯ ಮೇಲೆ ಇನ್ನೊಮ್ಮೆ ಎಳೆಯುವ ಮಾತಿಲ್ಲ, ಕೆಟ್ಟರೆ ಹಾಳೆ ಬುಟ್ಟಿಗೆ. ಓದಲು ಬಾರದ ಮುದುಕಿಯರೂ ಆ ಅಕ್ಷರದ ನಿಲುವು ನೋಡಿ, ಇದು ನಮ್ಮ ಬಸ್ಸು ಎಂದು ಹತ್ತುತ್ತಿದ್ದರು. ಆ ಅಕ್ಷರಗಳಿಗೆ ಬಣ್ಣ ತುಂಬಿದವಳು, ಅಂಚು ಕತ್ತರಿಸಿದವಳು ನಾನು. ಮೂವತ್ತೆಂಟು ವರ್ಷ ಮೇಜಿನ ಆ ಕಡೆ ಅವರು, ಈ ಕಡೆ ನಾನು. ಅವರ ಗೆರೆ ನನಗೆ ನನ್ನ ಕೈಬರಹಕ್ಕಿಂತ ಚೆನ್ನಾಗಿ ಗೊತ್ತು.

ಆ ಕೈ ನಡುಗಲು ಶುರುವಾದಾಗ ಅವರು ಪಟ್ಟ ಪಾಡನ್ನು ನೀನು ನೋಡಲಿಲ್ಲ, ಆಗಷ್ಟೇ ಹೊಸ ಕೆಲಸಕ್ಕೆ ಸೇರಿದ್ದೆ. ಒಂದು ಹೆಸರು ಬರೆಯುವಷ್ಟರಲ್ಲಿ ಮೂವತ್ತು ಹಾಳೆ ಬುಟ್ಟಿಗೆ ಬೀಳುತ್ತಿತ್ತು. ಒಮ್ಮೆ ಗಡುವು ಮೀರಿತೆಂದು ಪ್ರಕಾಶಕರು ಮನೆಗೇ ಬಂದು, ಬುಟ್ಟಿಯಿಂದ ಒಂದು ಹಾಳೆಯನ್ನು ಎತ್ತಿ ನೇವರಿಸಿ, ಇದೇ ಸಾಕು ಎಂದು ತೆಗೆದುಕೊಂಡು ಹೋದರು. ಪ್ರದರ್ಶನದಲ್ಲಿ ಮೊದಲ ದೀಪ ಇದ್ದದ್ದು ಆ ಹಾಳೆಗೇ. ಆ ಮುಖಪುಟಕ್ಕೆ ಬಹುಮಾನ ಬಂತು. ನಿಮ್ಮಪ್ಪ ಬಹುಮಾನದ ಫಲಕವನ್ನು ಗೋಡೆಯ ಕಡೆಗೆ ಮುಖ ಮಾಡಿಸಿ ಇಟ್ಟು, “ಇದನ್ನ ಬುಟ್ಟಿಗೆ ಕೊಟ್ಟಿದಾರೆ ಕಣೇ, ನನಗಲ್ಲ” ಅಂದರು. ಅಲ್ಲಿಂದಾಚೆ ಬಂದವರೆಲ್ಲ ನಡುಕದ್ದೇ ಬೇಕು ಎಂದು ಕೇಳತೊಡಗಿದರು.

ಪ್ರದರ್ಶನಕ್ಕೆ ಸ್ಕೇಲ್ ಮಾಸ್ತರೂ ಬಂದಿದ್ದರು. ಎಂಬತ್ತೆರಡಾಯಿತಂತೆ, ಕೋಲು ಹಿಡಿದರೂ ಗೆರೆ ಎಳೆದ ಹಾಗೆ ನೆಟ್ಟಗೆ ನಡೆಯುತ್ತಾರೆ. ನಲವತ್ತು ವರ್ಷ ಅವರೂ ನಿಮ್ಮಪ್ಪನೂ ಒಬ್ಬರನ್ನೊಬ್ಬರು ಆಡಿಕೊಂಡವರು. ನಿನ್ನ ಪೋಸ್ಟರಿಗೆ ಕಿಟಕಿ ಸರಳು ಹಾಕಿದೀಯಲ್ಲೋ ಎಂದು ನಿಮ್ಮಪ್ಪ, ಉಸಿರುಗಟ್ಟಿ ಸತ್ತುಗಿತ್ತು ಹೋದೀಯ ಎಂದು ಅವರು. ಆವತ್ತು ಅವರು ಮೂರೂ ಗೋಡೆಯನ್ನು ನಿಧಾನವಾಗಿ ಸುತ್ತಿ ಬಂದು ನನ್ನ ಪಕ್ಕ ಕೂತರು. ಕೋಲನ್ನು ಮಂಡಿಗೆ ಒರಗಿಸಿಕೊಂಡರು. ಆಮೇಲೆ, “ಇದೇನಮ್ಮಾ, ಅವನ ಕಾಯಿಲೇನ ತಂದು ಗೋಡೆಗೆ ತೂಗುಹಾಕಿದಾರೆ” ಅಂದರು. ಇಡೀ ಹಾಲಿನಲ್ಲಿ ನಿಮ್ಮಪ್ಪನ ಸ್ನೇಹಿತರೆಂದರೆ ಅವರೊಬ್ಬರೇ ಅನ್ನಿಸಿತು ನನಗೆ.

ಕಲಾಶಾಲೆಯ ಮಕ್ಕಳನ್ನು ಬೈಯಲು ಮನಸ್ಸು ಬರುವುದಿಲ್ಲ. ಒಬ್ಬ ಹುಡುಗಿ, ಪಾಪ ಮುದ್ದು ಮುಖ, ನನ್ನ ಕೈ ಹಿಡಿದುಕೊಂಡು, ಅವರ ಶೈಲಿ ಬರಲೆಂದು ನಾವೆಲ್ಲ ಎಡಗೈಯಲ್ಲಿ ಬರೆದು ಅಭ್ಯಾಸ ಮಾಡುತ್ತೇವೆ ಎಂದಳು. ಅವಳ ಗೆಳೆಯ ಓಡುವ ಬಸ್ಸಿನಲ್ಲಿ ಕೂತು ಬರೆಯುತ್ತಾನಂತೆ. ಹಿಂದಿನ ಸೀಟೇ ಬೇಕಂತೆ, ಅಲ್ಲಿ ಕುಲುಕಾಟ ಜಾಸ್ತಿಯಂತೆ. ನಗಬೇಕೋ ಅಳಬೇಕೋ ತಿಳಿಯದೆ ಅವಳ ಕೆನ್ನೆ ತಟ್ಟಿ ಬಂದೆ.

ಅದು ಮಕ್ಕಳಾಟ ಎಂದು ಬಿಡಬಹುದು. ಆದರೆ ನೀನು? ನೀನು ಕಳಿಸಿದ ಮಾದರಿ ಹಾಳೆಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಕೆಲಸ ಅಚ್ಚುಕಟ್ಟಾಗಿದೆ, ಅವರ ಮಗಳು ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಒಂದು ಅಕ್ಷರವನ್ನು ನೂರು ಸಲ ಒತ್ತಿದರೂ ಅದೇ ಜಾಗದಲ್ಲಿ ಅಷ್ಟೇ ನಡುಗುತ್ತದೆ. ನಿಮ್ಮಪ್ಪನ ಕೈ ನಿನ್ನೆ ನಡುಗಿದ ಹಾಗೆ ಇವತ್ತು ನಡುಗಿದ್ದಿಲ್ಲ. ಮಾತ್ರೆ ತೆಗೆದುಕೊಂಡ ಮೇಲೆ ಒಂದು ಗಂಟೆ ತಣ್ಣಗಿರುತ್ತಿತ್ತು, ಆಗ ನಾನು ಬೇಗ ಬೇಗ ಮಸಿ ಕಲಸಿ ಕೊಡುತ್ತಿದ್ದೆ. ಈ ಫಾಂಟನ್ನು ನಾಳೆ ಯಾರು ಯಾವುದಕ್ಕೆ ಬಳಸುತ್ತಾರೆ ಎಂದು ಯೋಚಿಸಿದೆಯಾ? ದೆವ್ವದ ಸಿನಿಮಾಕ್ಕೆ, ಐಸ್‌ಕ್ರೀಮ್ ಡಬ್ಬಿಗೆ, ಚಳಿಗಾಲದ ಸ್ವೆಟರ್ ಜಾಹೀರಾತಿಗೆ. ನಿಮ್ಮಪ್ಪನ ಕೈ ನಡುಗಿದ್ದು ಸ್ವೆಟರ್ ಮಾರಲಿಕ್ಕಲ್ಲ.

ಹೀಗೆ ಮಾಡದಿದ್ದರೆ ಜನ ಅಪ್ಪನನ್ನು ಮರೆತುಬಿಡುತ್ತಾರೆ ಎಂದು ನೀನು ಬರೆದಿದ್ದೀಯ. ಅವರು ಹೋಗಿ ಒಂದೂವರೆ ವರ್ಷವೂ ಆಗಿಲ್ಲ, ಆಗಲೇ ನಲವತ್ತು ವರ್ಷವನ್ನು ಮರೆತಾಗಿದೆಯಲ್ಲ, ಇನ್ನು ಮರೆಯಲು ಏನು ಉಳಿದಿದೆ? ಬಿದ್ದವನು ಬಿದ್ದ ಭಂಗಿ ಚೆನ್ನಾಗಿತ್ತು ಎಂದು ಹೊಗಳುವವರ ಜೊತೆ ಅವನ ಮಗಳು ಸೇರಬಾರದು. ಕಟುವಾಯಿತೇನೋ, ಆದರೆ ಬರೆದ ಸಾಲನ್ನು ಹೊಡೆದು ಹಾಕುವುದಿಲ್ಲ.

ಈ ಕಾಗದದ ಜೊತೆ ಒಂದು ರಟ್ಟಿನ ಪೆಟ್ಟಿಗೆ ಬರುತ್ತದೆ. ನಿನಗೆ ಮೂರು ವರ್ಷವಿದ್ದಾಗ ಪಾಠಪುಸ್ತಕಕ್ಕೆಂದು ಅವರು ಬರೆದ ಪೂರ್ತಿ ಅಕ್ಷರಮಾಲೆ ಅದರಲ್ಲಿದೆ, ಕಾರ್ಡಿಗೊಂದು ಅಕ್ಷರ, ಅಕ್ಷರಕ್ಕೊಂದು ಉಸಿರು. ಒಂದು ಮೂಲೆಯಲ್ಲಿ ನಿನ್ನ ಹಾಲಿನ ಕೈಗುರುತೂ ಇದೆ. ಇದರಿಂದ ಫಾಂಟ್ ಮಾಡು, ಎಷ್ಟು ಸಹಿ ಬೇಕೋ ಅಷ್ಟು ಹಾಕಿಕೊಡುತ್ತೇನೆ. ನಿಮ್ಮ ಮುಖ್ಯಸ್ಥರು ಇದು ಹಳೇಕಾಲದ್ದು ಎಂದರೆ ಪೆಟ್ಟಿಗೆ ವಾಪಸ್ ಕಳಿಸು, ನನ್ನ ಹತ್ತಿರವೇ ಇರಲಿ.

ಪರದೆಯ ಮುಂದೆ ಕೂತು ಊಟ ಮಾಡಬೇಡ, ಕಣ್ಣು ಜೋಪಾನ. ಸಿಟ್ಟು ಬಂದರೆ ಎರಡು ದಿನ ಇಟ್ಟುಕೊಂಡು ಮೂರನೆಯ ದಿನ ಫೋನ್ ಮಾಡು, ಈ ಸಲ ಹಾಲು ಉಕ್ಕುವುದಿಲ್ಲ. ನಿನ್ನ ಕೈ ಕೊನೆಯವರೆಗೂ ಗಟ್ಟಿಯಾಗಿರಲಿ ಮಗಳೇ. ಅದಕ್ಕಿಂತ ದೊಡ್ಡ ಆಶೀರ್ವಾದ ನನಗೆ ತಿಳಿದಿಲ್ಲ.

ನಿನ್ನ
ಅಮ್ಮ

ತಾ. ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದ್ದೇನೆ. ‘ಅಪ್ಪನ ನಡುಕ ಇಲ್ಲೇ ಅತ್ಯಂತ ಜೀವಂತ’ ಎಂದು ಕೆಂಪು ಗುರುತು ಹಾಕಿ ನೀನು ಆರಿಸಿದ ಅಕ್ಷರಗಳಿವೆಯಲ್ಲ, ಕೊನೆಯ ನಾಲ್ಕು ಮುಖಪುಟದವು, ಅವು ಅಪ್ಪನವಲ್ಲ. ನಾನು ಬರೆದದ್ದು. ಆ ಹೊತ್ತಿಗೆ ಅವರಿಗೆ ಬೇಗ ಸುಸ್ತಾಗುತ್ತಿತ್ತು, ಒಪ್ಪಿಕೊಂಡ ಕೆಲಸ ಹಾಗೇ ಉಳಿದಿತ್ತು. ಪ್ರಕಾಶಕರು ಮುಂದಕ್ಕೆ ಹಾಕಿದ್ದಾರೆ ಎಂದು ಅವರಿಗೆ ಸುಳ್ಳು ಹೇಳಿ, ಮಧ್ಯಾಹ್ನ ಅವರು ಮಲಗಿದಾಗ ಕೂತು, ನನ್ನ ಗಟ್ಟಿ ಕೈಯನ್ನು ಬೇಕೆಂದೇ ನಡುಗಿಸಿ ಬರೆದೆ. ಯಾರಿಗೂ ಅನುಮಾನ ಬರಬಾರದೆಂದು ಸ್ವಲ್ಪ ಹೆಚ್ಚೇ ನಡುಗಿಸಿದೆ. ನಾನು ಮಾಡಿದ ಆ ಅಣಕವನ್ನು ನೀನು ಊರಿಗೆಲ್ಲ ಹಂಚಲು ಹೊರಟರೆ ನಾನು ಹೇಗೆ ಸಹಿ ಹಾಕಲಿ?

ನಾಲ್ಕನೆಯದನ್ನು ಬರೆಯುತ್ತಿದ್ದಾಗ ತಲೆ ಎತ್ತಿದರೆ ಅವರು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ. ಬೈಯಲಿಲ್ಲ. ಮೇಜಿನ ಹತ್ತಿರ ಬಂದು, ಹಾಳೆಯನ್ನು ನೋಡಿ, “ಅಷ್ಟೊಂದು ನಡುಗುತ್ತಾ ನನ್ನ ಕೈ?” ಎಂದು ಕೇಳಿದರು.

ಅಷ್ಟು ನಡುಗುತ್ತಿರಲಿಲ್ಲ ಗುಬ್ಬೀ. ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಸಿಕ್ಕಿಬಿದ್ದ ನಾಚಿಕೆಗೆ ನಾನು ಹಾಳೆಯನ್ನು ಮುಚ್ಚಿಟ್ಟು, ಕಾಫಿ ತರುತ್ತೇನೆ ಎಂದು ಎದ್ದು ಹೋಗಿಬಿಟ್ಟೆ. ಅಲ್ಲಿಂದ ಮುಂದೆ ಅವರು ಬದುಕಿದ್ದ ಏಳು ತಿಂಗಳು ನನ್ನ ಎದುರಿಗೆ ಲೋಟ ಎತ್ತಲಿಲ್ಲ. ಕೈ ಎರಡನ್ನೂ ಮೇಜಿನ ಕೆಳಗೆ ಇಟ್ಟುಕೊಂಡು, ನಾನು ಒಳಗೆ ಹೋಗಲಿ ಎಂದು ಕಾಯುತ್ತಿದ್ದರು.