ಹೆಸರು ಬಿಟ್ಟ ಪ್ರಯೋಗ

ಸದಾಶಿವ ಪೇಠ, ಪುಣೆ
೧೪ ನವೆಂಬರ್ ೨೦೦೨

ಪ್ರೀತಿಯ ಪತಿದೇವರಿಗೆ,

ಹೇಗಿದ್ದೀರಿ? ಜರ್ಮನಿಯ ಚಳಿಗೆ ಕೆಮ್ಮು ಮರುಕಳಿಸಿಲ್ಲ ತಾನೆ? ಮಫ್ಲರನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಂಡು ಕೂಡಬೇಡಿ. ಅತ್ತೆಯವರ ಮೊಣಕಾಲು ನೋವು ಕಡಿಮೆಯಾಗಿದೆ. "ನನ್ನ ಮಗಾ ಪರದೇಶದಾಗ ಭಾಷಣ ಮಾಡ್ತಾನ" ಎಂದು ಹಾಲಿನವನನ್ನೂ ಕೂಡಿಸಿಕೊಂಡು ಹೇಳುತ್ತಾರೆ; ಅವನಿಗೂ ಒಂದು ಚಹಾ ಆಗುತ್ತದೆ.

ನಾನು ಮಾತ್ರ ಚೆನ್ನಾಗಿಲ್ಲ. ಮೊನ್ನೆ ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡುವ ನಮ್ಮ ದುರ್ಗಾ, ನಿಮ್ಮ ಭಾಷಣದ ಖುಷಿಗೆ ಪೇಢೆ ಕೇಳಲು ಬಂದವಳು, ತಡವರಿಸಿದಳು. "ಸಮ್ಮೇಳನದ ವೆಬ್‌ಸೈಟಿನಾಗ ನಿಮ್ಮ ಯಜಮಾನ್ರ ಹೆಸರದ, ನಿಂದ್ಯಾಕಿಲ್ಲ ಶಿವಕಾಂತಾ?" ನೋಡಿದೆ. ನಿಮ್ಮದಿದೆ, ನಿಮ್ಮ ಗೈಡ್ ಹೆಸರಿದೆ, ನನ್ನದಿಲ್ಲ. ಬಿಸಿ, ವಿಷ, ಪೆಟ್ಟು, ಏನೇ ತಾಗಿದರೂ ಜೀವಕೋಶದೊಳಗೆ ಎಚ್ಚೆತ್ತು ಸುದ್ದಿ ಮುಟ್ಟಿಸುವ ಆ ಕೈನೇಸ್ ಪ್ರೋಟೀನಿನ ಬೆನ್ನು ಹತ್ತಿ ಎರಡು ವರ್ಷ ಕಣ್ಣು ಸವೆಸಿದವಳು ನಾನು. ಹೊಸ ಔಷಧ ಅದನ್ನು ಎಬ್ಬಿಸುತ್ತದೆ ಎಂದು ತೋರಿಸುವ ಕಪ್ಪು ಪಟ್ಟಿ ಎಕ್ಸ್‌ರೇ ಫಿಲ್ಮಿನಲ್ಲಿ ಮೂಡಿದ ದಿನ "ಇದು ನಮ್ಮಿಬ್ಬರ ಕೂಸು" ಎಂದಿರಿ. ಈಗ ಕೂಸಿಗೆ ಅಪ್ಪ ಮಾತ್ರ. ಫೋನಿನಲ್ಲಿ ಕೇಳಿದರೆ "ಮನೀ ಮಂದಿಗೆ ಹೆಸರೇನ್ ಬೇಕ, ನಂದಂದ್ರ ನಿಂದೂ ಅಲ್ಲೇನು" ಎಂದು ನಕ್ಕಿರಿ. ನಂಬಿಸಿ ಕುತ್ತಿಗೆ ಕೊಯ್ಯುವುದು ಎಂದರೆ ಇದೇ ಕಣ್ರೀ. ಬೇರೆಯವರಾಗಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ನಿಮ್ಮನ್ನು ನೆನೆದರೆ ಅಳು ಬರುತ್ತದೆ, ಆ ಅಳುವಿಗೇ ಇನ್ನಷ್ಟು ಸಿಟ್ಟು ಬರುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣಿ. ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ.

ಇಂತಿ,
ಶಿವಕಾಂತಾ

ಮರೆತಿದ್ದೆ: ಔಷಧ ಹಾಕಿದ ಜೀವಕೋಶಗಳ ತಟ್ಟೆಗಳನ್ನು ನೀವು ಪರೀಕ್ಷೆಗೆಂದು ಸ್ಕೂಟರಿನಲ್ಲಿ ಊರಂಚಿನ ಹಡಪಸರದ ಲ್ಯಾಬಿಗೆ ಒಯ್ಯುತ್ತಿದ್ದಿರಿ. ಹೋಲಿಸಿ ನೋಡಲು ಇಟ್ಟ, ಔಷಧವಿಲ್ಲದ ತಟ್ಟೆಗಳು ನಮ್ಮ ಲ್ಯಾಬಿನಲ್ಲೇ ಬೆಚ್ಚಗೆ ಕುಳಿತಿರುತ್ತಿದ್ದವು. ಈ ವಾರ ಔಷಧವಿಲ್ಲದವನ್ನೂ ಅದೇ ಗುಂಡಿಗಳ ದಾರಿಯಲ್ಲಿ ಒಯ್ದು ತಂದೆ. ಕೈನೇಸ್ ಅಷ್ಟೇ ಎಚ್ಚೆತ್ತಿತ್ತು! ಎಬ್ಬಿಸಿದ್ದು ನಿಮ್ಮ ಔಷಧವಲ್ಲ, ದಾರಿಯ ಕುಲುಕಾಟ. ಫಿಲ್ಮ್ ನೋಡಿ ನಿಮ್ಮ ಗೈಡ್ ಮುಖ ಕೆಂಪಗಾಯಿತು. "ಹಾ ಪ್ರಯೋಗ ಕೋಣಾಚಾ?" ಈ ಪ್ರಯೋಗ ಯಾರದು ಎಂದು ಮರಾಠಿಯಲ್ಲೇ ಗುಡುಗಿದರು. ಗಂಡನ ಹೆಸರು ಹಿಡಿಯಬಾರದೆಂದು ನನ್ನವ್ವ ಕಲಿಸಿದ್ದಳು. ಆದರೂ ಬಾಯಿಬಿಟ್ಟು ಹೇಳಿದೆ: ಮನೋಹರ ಅವರದು, ಅವರೊಬ್ಬರದೇ.