ಎತ್ತಿದ ಬಸ್ಸಿನ ಕೆಳಗೊಂದು ಸ್ಟೂಲು

ಟೆಸ್ಟಿಂಗ್ ಶೆಡ್ಡು,
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಮಂಡಿ ಈಗ ಬಗ್ಗುತ್ತಿದೆಯೇ? ಆಪರೇಷನ್ ಮಾಡಿದ ಡಾಕ್ಟರಿಗೇ ನೀವು ಒತ್ತಡದ ಬಗ್ಗೆ ಪಾಠ ಹೇಳಿದಿರಂತೆ. ತಂಗಿ ಫೋನಿನಲ್ಲಿ ಹೇಳಿಕೊಂಡು ನಕ್ಕಳು. ಇನ್ನಷ್ಟು ದಿನ ಅವಳ ಮನೆಯಲ್ಲೇ ಕಾಲು ಚಾಚಿಕೊಂಡಿರಿ. ಅವಳ ಕುಕ್ಕರಿನ ವಾಷರ್ ಬಿಚ್ಚಿ ನೋಡಲು ಹೋಗಬೇಡಿ. ನಾನು ಚೆನ್ನಾಗಿದ್ದೇನೆ. ಅಣ್ಣನೂ ಚೆನ್ನಾಗಿದ್ದಾನೆ, ನಿನ್ನೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ, ಅಷ್ಟೆ.

ಕಾರಣ ಅರ್ಧ ನಿಮಗೆ ಗೊತ್ತು. ಬಸ್ ಡಿಪೋಗೆಂದು ಮಾಡಿದ, ಬಸ್ಸು ಎತ್ತುವ ಹೊಸ ಲಿಫ್ಟು ಸೋಮವಾರ ಹೊರಡಬೇಕಿತ್ತು. ಈವರೆಗೆ ನಾವು ಮಾಡಿದ್ದರಲ್ಲೆಲ್ಲ ಅದೇ ದೊಡ್ಡದು. ನಾನು ತಡೆದೆ. ನಾನು ಒಪ್ಪದೆ ಯಾವುದೂ ಗೇಟು ದಾಟಬಾರದು ಅನ್ನುವುದು ನೀವೇ ಮಾಡಿದ ನಿಯಮ. ಅಣ್ಣ ಒತ್ತಡದ ಮೀಟರ್ ತೋರಿಸಿ ಎಲ್ಲ ಸರಿಯಾಗಿದೆ ಅಂದ. ಮೀಟರಿನಲ್ಲಿ ಸರಿಯಾಗಿಯೇ ಇತ್ತು. "ಹಾಗಾದರೆ ಬಸ್ಸು ಎತ್ತಿಸಿ ಕೆಳಗೆ ಸ್ಟೂಲು ಹಾಕಿಕೊಂಡು ಕೂತ್ಕೋ, ಅಪ್ಪ ಕೂರ್ತಿದ್ದ ಹಾಗೆ" ಅಂದೆ. "ಇದೇನು ಸರ್ಕಸ್ಸೇನೇ? ನನಗೆ ಮೀಟಿಂಗಿದೆ" ಅಂದ. ನಿಮಗೆ ಫೋನ್ ಹಚ್ಚಿ ನನ್ನ ಮುಖದ ಮುಂದೆ ಹಿಡಿದ. ನೀವು ತುಂಬ ಹೊತ್ತು ಸುಮ್ಮನಿದ್ದು, "ಹೋಗಲಿ ಬಿಡು ಪುಟ್ಟಿ, ಕಾಲ ಬದಲಾಗಿದೆ" ಅಂದಿರಿ.

ಆ ಮಾತನ್ನು ನಾನು ಕೇಳುವುದಿಲ್ಲ. ಹೈಡ್ರಾಲಿಕ್ ಅನ್ನುವ ಶಬ್ದವೇ ಈ ಬೀದಿಗೆ ಹೊಸದಾಗಿದ್ದಾಗ, "ಎಣ್ಣೆ ಕುಡಿಸಿ ಲಾರಿ ಎಬ್ಬಿಸ್ತಾನಂತೆ" ಎಂದು ಜನ ನಿಮ್ಮನ್ನು ಆಡಿಕೊಳ್ಳುತ್ತಿದ್ದರು. ಅಮ್ಮನ ಹಳೆಯ ಚರ್ಮದ ಚೀಲ ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ, ಲೋಟದ ತಳಕ್ಕೆ ಒತ್ತಿ, ಎಣ್ಣೆ ಸೋರದಂತೆ ತಡೆಯುವ ಬಟ್ಟಲಿನಂಥ ವಾಷರ್ ಮಾಡಿದಿರಿ. ಲಾರಿ ಎದ್ದಿತು, ಕೆಳಗೆ ಹೋಗಲು ಮಾತ್ರ ಒಬ್ಬನೂ ತಯಾರಿರಲಿಲ್ಲ. ನೀವು ಸ್ಟೂಲು ಎಳೆದುಕೊಂಡು ಹೋಗಿ ಕೂತು ಪೇಪರ್ ಬಿಡಿಸಿದಿರಿ. "ನಾನು ಕೂರದ ಕಡೆ ಇನ್ನೊಬ್ಬರನ್ನು ಮಲಗಿಸಲ್ಲ" ಅಂದಿರಿ. ಇವತ್ತು ಈ ಬೀದಿಯ ಉದ್ದಕ್ಕೂ ನಿಮ್ಮಿಂದ ಕಲಿತವರದೇ ಕಾರ್ಖಾನೆಗಳು. ಚರ್ಮ ಹೋಗಿ ರಬ್ಬರು ಬಂದರೂ ಬಟ್ಟಲಿನ ಆಕಾರವನ್ನು ನೀವು ಯಾರಿಗೂ ಮುಟ್ಟಗೊಡಲಿಲ್ಲ. ಅದೇ ನಮ್ಮ ಗುರುತಾಗಿ ಗೇಟಿನ ಮೇಲಿದೆ. ಹೊಸಬರು ಈಗಲೂ ಹೋಟೆಲೆಂದುಕೊಂಡು ಒಳಗೆ ಬಂದು ಊಟಕ್ಕೇನಿದೆ ಎಂದು ಕೇಳುತ್ತಾರೆ.

ಸಮಾರಂಭಗಳಲ್ಲಿ ನಿಮ್ಮನ್ನು ಈ ಉದ್ಯಮದ ಪಿತಾಮಹ ಎಂದು ಕರೆಯುವಾಗ ನಾನು ಬೇರೆ ಕಡೆ ನೋಡುತ್ತೇನೆ. ಪಿತಾಮಹ ಊರಿಗೆಲ್ಲ ಸೇರಿದವರು. ಲಾರಿಯ ಕೆಳಗೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಮನುಷ್ಯ ಮಾತ್ರ ನನ್ನ ಅಪ್ಪ. ಆ ಮನುಷ್ಯನ ಮಾತನ್ನು ನೀವೇ ಬಂದು ಅಳಿಸಿದರೂ ನಾನು ಬಿಡುವವಳಲ್ಲ.

ಹಾಗಾಗಿ ನಿನ್ನೆ ಬೆಳಿಗ್ಗೆ ಬಸ್ಸು ಎತ್ತಿಸಿ, ಅದು ನಿಂತ ಎತ್ತರಕ್ಕೆ ಕಂಬದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ನಾನೇ ಕೂತೆ. ಪೇಪರ್ ತೆಗೆದುಕೊಂಡು ಹೋಗಿದ್ದೆ, ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ. ನೀವೂ ಅವತ್ತು ಓದುತ್ತಿರಲಿಲ್ಲ, ಮುಖ ಮರೆಮಾಡಿಕೊಂಡಿದ್ದಿರಿ ಎಂದು ಅಲ್ಲಿ ಕೂತ ಮೇಲೆ ಹೊಳೆಯಿತು. ಅಣ್ಣ ಮೀಟಿಂಗಿಗೆ ಹೋಗಲಿಲ್ಲ. ಬಾಗಿಲಲ್ಲೇ ನಿಂತು, "ಎದ್ದು ಬಾರೇ, ನಿನ್ನ ದಮ್ಮಯ್ಯ" ಅನ್ನುತ್ತಿದ್ದ. ಮಾತು ಬಿಟ್ಟಿದ್ದು ಆಮೇಲೆ.

ತಂಗಿಯನ್ನೂ ಅವಳ ಮಕ್ಕಳನ್ನೂ ಕೇಳಿದೆನೆಂದು ಹೇಳಿ. ನನ್ನ ಮೇಲೆ ಕೋಪ ಬಂದರೆ ಎದ್ದು ಅಂಗಳದಲ್ಲಿ ಓಡಾಡಿ, ಮಂಡಿಗೆ ಒಳ್ಳೆಯದು.

ಹೇಳಿದ ಮಾತು ಕೇಳದ,
ಪುಟ್ಟಿ

ಇದನ್ನು ಮೇಲೆ ಬರೆಯಲು ಮರೆತೆ ಅಂದರೆ ಸುಳ್ಳಾಗುತ್ತದೆ: ಬಸ್ಸು ಇಳಿಯಿತು. ಗೆರೆಯಿಂದ ಎರಡು ಬೆರಳು ಕೆಳಗೆ ಬಂದಾಗ ನಾನು ಎದ್ದು ಬಂದೆ. ಬಿಚ್ಚಿ ನೋಡಿದರೆ ಎಣ್ಣೆ ದಾಟಿದ್ದು ನಿಮ್ಮ ಬಟ್ಟಲಿನ ಅಂಚಿನಲ್ಲೇ. ಇಷ್ಟು ಭಾರಕ್ಕೆ ಅದು ಮಡಚಿಕೊಳ್ಳುತ್ತದೆ. ಫೋನಿನಲ್ಲಿ ಅಷ್ಟು ಹೊತ್ತು ಸುಮ್ಮನಿದ್ದಿರಲ್ಲ, ನಿಮಗೆ ಗೊತ್ತಿತ್ತೋ, ಗೊತ್ತಾಗುವುದು ಬೇಡವಾಗಿತ್ತೋ, ಕೇಳುವುದಿಲ್ಲ. ವಾಷರಿನ ಆಕಾರ ಬದಲಾಯಿಸುತ್ತಿದ್ದೇನೆ. ಹಳೆಯ ಅಚ್ಚು ಗುಜರಿಗೆ ಹೋಯಿತು. ಹೊತ್ತುಕೊಂಡು ಹೋಗಿ ಹಾಕಿದವನು ಅಣ್ಣನೇ. ಗೇಟಿನ ಮೇಲಿನ ಬಟ್ಟಲು ಇರಲಿ. ಹೊಸದರ ಕೆಳಗೆ ಕೂರಲು ನಿಮ್ಮನ್ನು ಕರೆಯುವುದಿಲ್ಲ. ಅದು ನಾನು ಮಾಡಿದ್ದು, ನಾನೇ ಕೂರುತ್ತೇನೆ.