ಹೊರಗಿನಿಂದ ಕಟ್ಟಿದ ಗಂಟು

ಹೊಲಿಗೆ ಮನೆಯ ಮಹಡಿಯಿಂದ,
ಸೆಪ್ಟೆಂಬರ್ ೧೪, ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯ? ಬಂದರಿನ ತೇವಕ್ಕೆ ನಿನ್ನ ಮಂಡಿ ನೋವು ಹೆಚ್ಚಾಗಿಲ್ಲ ತಾನೆ? ಹೋದ ಸಲದ ಕಾರ್ಡಿನಲ್ಲಿ ನಾಲ್ಕೇ ಸಾಲು ಇತ್ತು, ಅದರಲ್ಲೂ ಎರಡು ಹವಾಮಾನಕ್ಕೇ ಹೋಗಿತ್ತು. ಹೊಟ್ಟೆಗೆ ಸರಿಯಾಗಿ ತಿನ್ನುತ್ತೀಯೋ, ಗೋದಾಮಿನ ಮೂಲೆಯಲ್ಲಿ ಕೂತು ಬ್ರೆಡ್ಡು ಕಚ್ಚಿಕೊಂಡೇ ದಿನ ದೂಡುತ್ತೀಯೋ, ಆ ದೇವರಿಗೇ ಗೊತ್ತು. ನಾನು ಚೆನ್ನಾಗಿದ್ದೇನೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಸೂಜಿಗೆ ದಾರ ಪೋಣಿಸಲು ಯಾರನ್ನೂ ಕೂಗಬೇಕಾಗಿಲ್ಲ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ಹೂಂ ಎನ್ನುವುದರ ಮುಂದೆ ಹೋಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು, ಅರ್ಧಕ್ಕೇ ಮಡಿಸಿ ಜೇಬಿಗೆ ಹಾಕಬೇಡ.

ನಿನ್ನ ಹೆಂಡತಿಯ ಡೇರೆ ಸಿಕ್ಕಿದೆ. ಆರು ವರ್ಷ ಹಿಮದೊಳಗೆ ಹೂತಿದ್ದದ್ದು, ಈ ಬೇಸಿಗೆಯ ಬಿಸಿಲಿಗೆ ಹಿಮ ಕರಗಿ ಮೇಲೆ ಬಂದಿದೆ. ಸೋಮವಾರ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ಹೋಗಿ ನೋಡಿದರೆ, ಬಿಸಿಲಿಗೆ ಮೂಗಿನ ಚರ್ಮ ಸುಲಿದ ಒಬ್ಬ ಹೆಂಗಸು ಬೆನ್ನ ಮೇಲೆ ಮೂಟೆ ಹೊತ್ತು ನಿಂತಿದ್ದಳು. ಬೆಟ್ಟ ಹತ್ತುವವರಿಗೆ ದಾರಿ ತೋರಿಸುವ ಕೆಲಸ ಅವಳದು. ಡೇರೆಯ ಅಂಚಿನ ಮೇಲಿದ್ದ ನಮ್ಮ ಕಾರ್ಖಾನೆಯ ಗುರುತು ನೋಡಿ, ಕೇಳಿಕೊಂಡು ಕೇಳಿಕೊಂಡು ಬಂದಿದ್ದಳು. ಮೂಟೆಯನ್ನು ನೆಲಕ್ಕಿಡಲು ಅವಳಿಗೆ ಮನಸ್ಸಾಗಲಿಲ್ಲ. ನಾನು ಎರಡೂ ಕೈ ಚಾಚಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡೆ. ಅಷ್ಟು ದೂರದ ಪ್ರಯಾಣದ ಮೇಲೂ ಅದು ತಣ್ಣಗೇ ಇತ್ತು. ಕೆಳಗಿನ ಉದ್ದ ಕೋಣೆಯ ತೊಲೆಗೆ ಕಟ್ಟಿ ಒಣಗಲು ಹಾಕಿದೆವು. ಕಿಟಕಿಗಳು ಮುಚ್ಚಿದ್ದವು, ಎಳೆ ದಾರ ಅಲುಗುವಷ್ಟೂ ಗಾಳಿಯಿರಲಿಲ್ಲ. ಆದರೂ ಅದು ನಿಧಾನವಾಗಿ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ಹೊಲಿಯುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಯಂತ್ರ ತುಳಿಯುವುದನ್ನು ನಿಲ್ಲಿಸಿದರು.

ನನಗೆ ಅಷ್ಟು ಆಶ್ಚರ್ಯವಾಗಲಿಲ್ಲ. ನೀನು ಹೊರಟುಹೋದೆ, ಅವಳು ಮಾತ್ರ ಈ ಮನೆ ಬಿಟ್ಟಿಲ್ಲ. ಬೆಳಕು ಹರಿಯುವ ಹೊತ್ತಿಗೆ ಮೆಟ್ಟಿಲ ಮೇಲೆ ಓಟದ ಬೂಟಿನ ಸದ್ದಾಗುತ್ತದೆ, ಎರಡೆರಡು ಮೆಟ್ಟಿಲು ಹಾರಿ ಇಳಿಯುವ ಸದ್ದು. ಈ ಮನೆಯಲ್ಲಿ ಹಾಗೆ ಇಳಿದವರು ಇನ್ಯಾರಿದ್ದಾರೆ ಹೇಳು? ಮೋಡ ಕವಿದ ದಿನ ಮಹಡಿಯಲ್ಲಿ ಬಣ್ಣದೆಣ್ಣೆಯ ವಾಸನೆ ಏಳುತ್ತದೆ. ಅವಳ ಕುಂಚಗಳು ಒಣಗಿ ಕಡ್ಡಿಯಾಗಿ ಎಷ್ಟೋ ವರ್ಷವಾಯಿತು, ವಾಸನೆ ಎಲ್ಲಿಂದ ಬರಬೇಕು? ಅವಳ ಯಂತ್ರದ ಮುಂದೆ ಹೊಸಬರು ಯಾರೂ ಕೂರುವುದಿಲ್ಲ, ಸ್ಟೂಲು ಬೆಚ್ಚಗಿರುತ್ತದೆ ಅನ್ನುತ್ತಾರೆ. ಮೊದಮೊದಲು ನನಗೂ ಎದೆ ಝಲ್ಲೆನ್ನುತ್ತಿತ್ತು. ಈಗ ಬೇಸರ ಒಂದೇ: ಬಂದವಳು ನಿಂತು ಒಂದು ಲೋಟ ಚಹಾ ಕುಡಿದು ಹೋಗಬಾರದೇ? ಬದುಕಿದ್ದಾಗಲೂ ಅಷ್ಟೇ. ಅವಳ ಚಹಾ ಯಾವಾಗಲೂ ಅರ್ಧಕ್ಕೇ ತಣ್ಣಗಾಗುತ್ತಿತ್ತು.

ಅವಳನ್ನು ನಾನು ಬಿರುಗಾಳಿ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಮದುವೆಯಾಗಿ ಬಂದ ವರ್ಷವೇ ದಿವಾಳಿಯೆದ್ದ ಸರ್ಕಸ್ಸಿನವರಿಂದ ಹಳೆಯ ಡೇರೆ, ತುಕ್ಕು ಹಿಡಿದ ಹೊಲಿಗೆ ಯಂತ್ರ ಎಲ್ಲವನ್ನೂ ತಂದು ಈ ಅಂಗಳದಲ್ಲಿ ಸುರಿದಳಲ್ಲ. ನೀನು ತಲೆಯ ಮೇಲೆ ಕೈ ಹೊತ್ತು ಕೂತೆ. ನಾನು ಬಯ್ಯಲೆಂದೇ ಹೊರಗೆ ಬಂದವಳು, ಸಂಜೆಯ ಹೊತ್ತಿಗೆ ಅವಳ ಜೊತೆ ಕೂತು ತುಕ್ಕು ಉಜ್ಜುತ್ತಿದ್ದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನಮಗಿಬ್ಬರಿಗೂ ಬಂದದ್ದು ಒಂದೇ ಕಾಲ, ಅದೂ ಎಷ್ಟು ಬೇಗ ಮುಗಿಯಿತು. ಹೆಂಗಸರು ಹೊಲಿದ ಡೇರೆ ಗಾಳಿಗೆ ನಿಲ್ಲುವುದಿಲ್ಲ ಎಂದು ಆ ರಸ್ತೆ ಗುತ್ತಿಗೆದಾರ ಮೂಗು ಮುರಿದ. ಅವಳು ಮಳೆಗಾಳಿ ಬರುವ ದಿನವನ್ನೇ ಕಾದು, ಅವನ ಮನೆಯ ಗೇಟಿನೆದುರಿಗೆ ಡೇರೆ ಹೊಡೆದು ಒಳಗೆ ಮಲಗಿಬಿಟ್ಟಳು. ಬೆಳಿಗ್ಗೆ ಅವನು ಎದ್ದು ಬಂದರೆ, ಅವನ ಕಾರಿನ ಶೆಡ್ಡಿನ ತಗಡು ಹಾರಿ ಪಕ್ಕದ ಮನೆಯ ಮರದಲ್ಲಿ ನೇತಾಡುತ್ತಿತ್ತು. ಇವಳು ಡೇರೆಯಿಂದ ತಲೆ ಹೊರಹಾಕಿ, “ನಿಮ್ಮ ಶೆಡ್ಡಿಗೂ ಒಂದು ಹೊಲಿದುಕೊಡ್ಲಾ?” ಎಂದಳಂತೆ. ಅವನು ತನ್ನ ಕೂಲಿಯವರಿಗೆಂದು ಕೊಟ್ಟ ಡೇರೆಗಳ ಆರ್ಡರಿನಿಂದಲೇ ಅಲ್ಲವೇ ನಮ್ಮ ಕಾರ್ಖಾನೆ ತಲೆಯೆತ್ತಿದ್ದು.

ಓಟವೂ ಹಾಗೆಯೇ. ಕೆಲಸಕ್ಕೆ ಮುಂಚೆ ಹಿಂದಿನ ಗುಡ್ಡದ ನೆತ್ತಿಗೆ ಓಡಿ ಬರದಿದ್ದರೆ ಅವಳಿಗೆ ದಿನ ಶುರುವಾಗುತ್ತಿರಲಿಲ್ಲ. ಗುಡ್ಡದ ಓಟದ ಪಂದ್ಯದಲ್ಲಿ ಗಂಡಸರನ್ನೆಲ್ಲ ಹಿಂದೆ ಹಾಕಿ ಬಂದವಳು ಗೆರೆ ದಾಟಿ ಮೊದಲು ಕೇಳಿದ್ದು ಏನು ಗೊತ್ತೇ? “ಅತ್ತೆ, ಗ್ಯಾಸ್ ಆರಿಸಿದ್ರಾ?” ಚಿತ್ರದ ಹುಚ್ಚು ಬಂದದ್ದು ಆಮೇಲೆ. ಡೇರೆಗೆ ಕತ್ತರಿಸಿ ಉಳಿದ ಕ್ಯಾನ್ವಾಸ್ ತುಂಡುಗಳನ್ನು ಚೌಕಟ್ಟಿಗೆ ಬಿಗಿದು ಬಿಡಿಸುತ್ತಿದ್ದಳು. ಬರೀ ಗಾಳಿ, ಬರೀ ಇಳಿಜಾರು, ಒಂದರಲ್ಲೂ ಮನುಷ್ಯರಿಲ್ಲ. ಊರಿನಲ್ಲಿ ಪ್ರದರ್ಶನ ಇಟ್ಟಾಗ ಮಾರಾಟವಾದದ್ದು ಒಂದೇ ಒಂದು. ಮಾಂಸದ ಅಂಗಡಿಯವನು ಗೋಡೆಯ ತೇವ ಮುಚ್ಚಲು ಕೊಂಡುಕೊಂಡ. ಅವಳು ಅದನ್ನು ಹೇಳಿಕೊಂಡು ವಾರವೆಲ್ಲ ನಕ್ಕಳು. “ಮನುಷ್ಯರನ್ನು ಯಾಕೆ ಬಿಡಿಸೋದಿಲ್ಲ?” ಎಂದು ಒಮ್ಮೆ ಕೇಳಿದೆ. “ಅವರು ಸುಮ್ಮನೆ ಕೂರಲ್ಲ ಅತ್ತೆ. ಕೂತರೆ ನನಗೆ ಅಳು ಬರುತ್ತೆ” ಎಂದಳು. ಆಗ ಅರ್ಥವಾಗಲಿಲ್ಲ.

ಮುಂದಿನದು ನಿನಗೂ ಗೊತ್ತು, ನನಗೂ ಗೊತ್ತು. ನಮ್ಮ ಡೇರೆ ಎಷ್ಟು ಎತ್ತರದಲ್ಲಿ, ಎಷ್ಟು ಚಳಿಯಲ್ಲಿ ನಿಲ್ಲುತ್ತದೆ ಎಂದು ತಾನೇ ನೋಡಬೇಕೆಂದು ಹಿಮದ ಬೆಟ್ಟ ಹತ್ತುವ ಆ ತಂಡದ ಜೊತೆ ಹೊರಟಳು. ಹಿಮದ ಗಾಳಿ ಎದ್ದು ಮೂರು ದಿನ ಯಾರೂ ಹೊರಗೆ ಬರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಉಳಿದವರು ನೋಡಿದಾಗ ಅವಳ ಡೇರೆಯಿದ್ದ ಜಾಗದಲ್ಲಿ ಬರೀ ಬಿಳಿ. ತಂಡದ ಅಡುಗೆಯವನೂ ಇರಲಿಲ್ಲ. ಡೇರೆ ಹರಿದು ಹಾರಿಹೋಗಿರಬೇಕು ಎಂದು ಅವರು ಬಂದು ಹೇಳಿದರು. ನೀನು ಕತ್ತರಿ ಮೇಜಿನ ಹತ್ತಿರ ನಿಂತಿದ್ದೆ. “ಡೇರೆಯ ನೆತ್ತಿಯ ಹೊಲಿಗೆ ನನ್ನದು. ನಡುವೆ ದಾರ ಮುಗೀತು, ಬೇರೆ ದಾರ ಹಾಕಿದೆ” ಎಂದೆ. ಅಷ್ಟೇ. ಆಮೇಲೆ ಈ ಮನೆಯಲ್ಲಿ ನೀನು ಸೂಜಿ ಮುಟ್ಟಲಿಲ್ಲ. ತಿಂಗಳೊಳಗೆ ಹೊರಟೂ ಹೋದೆ. ತಡೆದು ಪ್ರಯೋಜನವಿಲ್ಲ ಎಂದು ನಾನೂ ಸುಮ್ಮನಾದೆ.

ಮಗನೇ, ಈಗ ನಿಧಾನವಾಗಿ ಓದು. ಆ ಹೊಲಿಗೆಯನ್ನು ನಾನು ನೋಡಿದೆ. ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ಬೆರಳಾಡಿಸಿ ನೋಡಿದೆ. ಬಿಳಿಯ ದಾರ ಮುಗಿದು ಬೂದು ದಾರ ಶುರುವಾಗುವ ಜಾಗವೂ ಸಿಕ್ಕಿತು. ಒಂದು ಎಳೆಯೂ ಸಡಿಲವಾಗಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಬಟ್ಟೆ ಸೀಳಿದೆ. ಅದು ಏನೆಂದು ಕೇಳುವ ಮೊದಲೇ ಮೂಟೆ ತಂದ ಆ ಹೆಂಗಸು ಹೇಳಿದಳು: “ಅದು ನಾವು ಕೊಯ್ದದ್ದಮ್ಮ, ಹಿಮದಿಂದ ಬಿಡಿಸೋವಾಗ. ಉಳಿದದ್ದು ಹೇಗಿತ್ತೋ ಹಾಗೇ ಇದೆ. ನಿಂತ ಹಾಗೇ ಹೂತುಹೋಗಿತ್ತು.” ಡೇರೆ ಹರಿಯಲಿಲ್ಲ, ಹಾರಲಿಲ್ಲ. ಮೇಲಿನಿಂದ ಹಿಮ ಜಾರಿ ಅದನ್ನು ಮುಚ್ಚಿತು. ಆ ಹೊತ್ತಿಗೆ ಅವಳು ಒಳಗಿರಲಿಲ್ಲ. ಬಾಗಿಲ ಹಗ್ಗ ಹೊರಗಿನಿಂದ ಕಟ್ಟಿತ್ತು. ಅವಳದೇ ಗಂಟು. ಎಡಕ್ಕೆ ಎರಡು ಸುತ್ತು, ಎಳೆದರೆ ಒಂದೇ ಸಲಕ್ಕೆ ಬಿಚ್ಚುವಂಥದ್ದು. ನಮ್ಮ ಹೆಂಗಸರಿಗೆಲ್ಲ ಅವಳೇ ಕಲಿಸಿದ್ದಳಲ್ಲ. ಗಾಳಿಯಲ್ಲಿ ಅಡುಗೆಯವನ ಡೇರೆ ಕಿತ್ತುಹೋಗಿತ್ತು, ಅವನು ಕೂಗಿದ್ದು ತಮಗೂ ಕೇಳಿಸಿತ್ತು ಎಂದು ತಂಡದವನೊಬ್ಬ ಈಗ ಒಪ್ಪಿಕೊಂಡಿದ್ದಾನಂತೆ. ಇವಳು ಹೊರಟಿದ್ದು ಅವನನ್ನು ಕರೆತರಲು. ಸಾಯಲು ಹೋಗುವವರು ಬಾಗಿಲು ಕಟ್ಟುವುದಿಲ್ಲ ಕಣೋ. ಮರಳಿ ಬರುತ್ತೇನೆ ಎಂದುಕೊಂಡವರು ಮಾತ್ರ ಒಳಗೆ ಹಿಮ ಹೋಗದಿರಲಿ ಎಂದು ಕಟ್ಟಿ ಹೋಗುತ್ತಾರೆ.

ಡೇರೆ ಒಣಗಿದ ಮೇಲೆ ಅದರೊಳಗೆ ಹೋಗಿ ಕೂತೆ. ಗೋಡೆಯ ಬಟ್ಟೆಯ ಮೇಲೆಲ್ಲ ಚಿತ್ರ. ಮೂರು ದಿನ ಏನು ಮಾಡಿದಳು ಎಂದು ಆಗ ಗೊತ್ತಾಯಿತು. ಪೆನ್ಸಿಲು, ಮಸಿ, ಅಲ್ಲಲ್ಲಿ ಒಂದಿಷ್ಟು ಕೆಂಪು. ನಮ್ಮ ಉದ್ದ ಕೋಣೆಯನ್ನೇ ಬಿಡಿಸಿದ್ದಾಳೆ. ಯಂತ್ರಗಳ ಸಾಲು, ಕಿಟಕಿ, ಹೊಲಿಯುವ ಹೆಂಗಸರು ಒಬ್ಬೊಬ್ಬರೂ. ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಅದನ್ನೇ ಹುಡುಕುತ್ತಿರುವ ನಾನು. ಮೇಜಿನ ಹತ್ತಿರ ನೀನು, ಬಾಯಲ್ಲಿ ದಾರ ಕಚ್ಚಿಕೊಂಡು. ಎಲ್ಲರೂ ಸುಮ್ಮನೆ ಕೂತಿದ್ದೇವೆ. ಅವಳು ಮಾತ್ರ ಎಲ್ಲೂ ಇಲ್ಲ. ನಾನು ಅಲ್ಲಿಯೇ ಬಹಳ ಹೊತ್ತು ಕೂತಿದ್ದೆ. ಬೆನ್ನ ಹಿಂದೆ ಯಾರೋ ಉಸಿರಾಡುತ್ತಿದ್ದರು. ತಿರುಗಿ ನೋಡಲಿಲ್ಲ. ನೋಡಿದರೆ ನಿಂತುಬಿಡುತ್ತದೇನೋ ಎಂದು ಭಯವಾಯಿತು.

ಇನ್ನು ಸಾಕು, ಬೆರಳು ನೋಯುತ್ತಿದೆ. ನಿನ್ನ ಕೈಗೆ ಯಾವ ಪಾಪವೂ ಅಂಟಿಲ್ಲ, ಆ ಕೈ ತಣ್ಣಗಿರಲಿ. ಹೊಟ್ಟೆ ತುಂಬ ಉಣ್ಣು, ಮಂಡಿಗೆ ಬಿಸಿನೀರಿನ ಶಾಖ ಕೊಡು. ಕೆಳಗಿನ ಹೆಂಗಸರೆಲ್ಲ ನಿನ್ನನ್ನು ಕೇಳಿದರು.

ಸದಾ ನಿನ್ನ ಒಳಿತನ್ನೇ ನೆನೆಯುವ,
ಅಮ್ಮ

ತಾ.ಕ.: ಲಾರಿ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿದೆ, ಡ್ರೈವರು ಇದನ್ನು ನಿನ್ನ ಕೈಗೇ ಕೊಡುತ್ತಾನೆ. ಈ ಮಾತನ್ನು ಮೊದಲೇ ಬರೆದಿದ್ದರೆ ಉಳಿದದ್ದನ್ನು ನೀನು ಓದುತ್ತಿರಲಿಲ್ಲ, ಅದಕ್ಕೇ ಕೊನೆಗೆ ಬರೆಯುತ್ತಿದ್ದೇನೆ. ಅವಳೂ ಸಿಕ್ಕಿದ್ದಾಳೆ. ಡೇರೆಯಿಂದ ಸ್ವಲ್ಪವೇ ಕೆಳಗೆ, ಅಡುಗೆಯವನ ಜೊತೆ. ಅವಳ ಕೋಟು ಅವನ ಮೈಮೇಲಿದೆ. ಅವಳ ಮುಖ ಹಾಗೇ ಇದೆಯಂತೆ, ಹೆದರಬೇಡ. ಶನಿವಾರ ಬೆಟ್ಟದ ಬುಡಕ್ಕೆ ತರುತ್ತಾರೆ. ಗಂಡ ಬರುವ ತನಕ ಮುಖದ ಬಟ್ಟೆ ತೆಗೆಯಬೇಡಿ ಎಂದು ಹೇಳಿ ಕಳಿಸಿದ್ದೇನೆ. ಈ ಲಾರಿ ನಾಳೆ ಮಧ್ಯಾಹ್ನ ಅಲ್ಲಿಂದ ವಾಪಸು ಹೊರಡುತ್ತದೆ. ಅದನ್ನೇ ಹತ್ತಿ ಬಾ. ನಾನು ಬಾಗಿಲಲ್ಲೇ ಇರುತ್ತೇನೆ, ಇಬ್ಬರೂ ಕೂಡಿ ಹೋಗೋಣ.